ಗೆರೆಗಳಲ್ಲಿ ಉಳಿದ ಹಂಪೆ

ಹಂಪೆಯನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವವರೇ ಹೆಚ್ಚು. ಬೆಳಿಗ್ಗೆ ಹೊಸಪೇಟೆಯಿಂದ ಹೊರಟು, ಸುಮಾರು 13 ಕಿಲೋಮೀಟರ್ ದಾರಿ ಸಾಗಿ, ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಸಂಜೆ ಮರಳುತ್ತಾರೆ. ಆದರೆ ವಿಶ್ವ ಪರಂಪರೆಯ ಪಟ್ಟಿಗೆ 1986ರಲ್ಲಿ ಸೇರಿದ ಈ ತಾಣ 41 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾಗಿದೆ. 1600ಕ್ಕೂ ಹೆಚ್ಚು ಅವಶೇಷಗಳು ಇಲ್ಲಿವೆ. ಇಷ್ಟು ದೊಡ್ಡ ನಗರವನ್ನು ಒಂದೇ ನೋಟದಲ್ಲಿ ಕಾಣುವುದು ಹೇಗೆ? ಅದಕ್ಕೆ ನಕ್ಷೆ ಬೇಕು.

ನಗರಗಳನ್ನು ಗೆರೆಗಳಲ್ಲಿ ಹಿಡಿಯುವ ಕಲೆ ಹಳೆಯದು. 16ನೇ ಶತಮಾನದಲ್ಲಿ ಉಸ್ಮಾನಿಯಾ ಸುಲ್ತಾನ ಸುಲೈಮಾನನ ದಂಡಯಾತ್ರೆಯ ಹಾದಿಯ ಇಸ್ತಾಂಬುಲ್, ಬಗ್ದಾದ್ ಮುಂತಾದ ನಗರಗಳನ್ನು ಗಣಿತಜ್ಞ ಮತ್ರಾಕ್ಚಿ ನಸೂಹ್ ಚಿತ್ರಿಸಿದ. ಅವನ ನಗರಚಿತ್ರಗಳಲ್ಲಿ ಮನುಷ್ಯರಿಲ್ಲ, ಕಟ್ಟಡಗಳೇ ಮಾತಾಡುತ್ತವೆ. 18ನೇ ಶತಮಾನದ ಇಟಲಿಯ ಪಿರನೇಸಿ ರೋಮಿನ ಅವಶೇಷಗಳ ಜೊತೆಗೆ ಎಲ್ಲೂ ಇಲ್ಲದ ಸೆರೆಮನೆಗಳನ್ನೂ ಕಲ್ಪಿಸಿ ಮುದ್ರಿಸಿದ. ಇಂಥ ಚಿತ್ರಗಳ ಪ್ರತಿಗಳು ಇಂದು ಕಲಾಕೃತಿಗಳಾಗಿ ಮನೆಯ ಗೋಡೆಗಳನ್ನು ಅಲಂಕರಿಸುತ್ತವೆ.

ಹಂಪೆಯ ಮಟ್ಟಿಗೆ ಮಾತಿನಲ್ಲೇ ನಗರದ ಚಿತ್ರ ಬರೆದವರಲ್ಲಿ ಪ್ರಮುಖ ಅಬ್ದುರ್ರಝಾಕ್. ಹೆರಾತಿನ ಈ ರಾಯಭಾರಿ 1443ರಲ್ಲಿ ಎರಡನೇ ದೇವರಾಯನ ಆಸ್ಥಾನಕ್ಕೆ ಬಂದ. ನಗರಕ್ಕೆ ಒಂದರೊಳಗೊಂದು ಏಳು ಕೋಟೆಗಳಿವೆ ಎಂದೂ, ಹೊರಗಿನ ಕೋಟೆಗಳ ನಡುವೆ ಹೊಲ, ಮನೆ, ತೋಟಗಳಿವೆ ಎಂದೂ ಬರೆದಿಟ್ಟ. ಅದನ್ನು ಓದಿದವರು ಮನಸ್ಸಿನಲ್ಲೇ ಒಂದು ನಗರವನ್ನು ಕಟ್ಟಿಕೊಳ್ಳಬಹುದು. ಅಳತೆಯ ನಕ್ಷೆಯ ಕೆಲಸ ಬಹಳ ತಡವಾಗಿ ಬಂತು. ಸರ್ವೇಯರ್ ಕಾಲಿನ್ ಮೆಕೆಂಜಿ 1799ರಲ್ಲಿ ಇಲ್ಲಿನ ನಕ್ಷೆ ಮಾಡಿಸಿದ. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರ ತಂಡ ವರ್ಷ ವರ್ಷವೂ ಇಲ್ಲಿ ಬೀಡುಬಿಟ್ಟಿತು. ಯುವ ವಾಸ್ತುಶಿಲ್ಪಿಗಳು ಟೇಪು ಹಿಡಿದು ಕಂಬ, ಅಡಿಪಾಯ, ಮೆಟ್ಟಿಲುಗಳನ್ನು ಅಳೆದು ಕಾಗದಕ್ಕಿಳಿಸಿದರು.

ಇಂಥ ಚಿತ್ರಗಳಲ್ಲಿ ಒಂದು ಶಿಸ್ತಿದೆ. ಕಣ್ಣಿಗೆ ಕಾಣುವುದಕ್ಕೆ ಗಟ್ಟಿ ಗೆರೆ, ಇದ್ದಿರಬಹುದು ಎಂದು ಊಹಿಸಿದ್ದಕ್ಕೆ ಚುಕ್ಕಿ ಗೆರೆ. ನೋಡುವವನಿಗೆ ಮೋಸವಿಲ್ಲ. ಆನೆಲಾಯದ ಮುಂಭಾಗದ ಚಿತ್ರ ನೋಡಿ. ಹನ್ನೊಂದು ಕೋಣೆಗಳ ಮೇಲಿನ ಗುಮ್ಮಟಗಳು ಒಂದೇ ಬಗೆಯವಲ್ಲ. ಆದರೂ ನಡುವಿನ ಕೋಣೆಯ ಎಡಬಲಕ್ಕೆ ಒಂದಕ್ಕೊಂದು ಜೋಡಿಯಾಗಿ ನಿಂತಿವೆ. ಬಿಸಿಲಿನಲ್ಲಿ ಅವಸರದಿಂದ ನಡೆಯುವವನಿಗೆ ತಪ್ಪಿಹೋಗುವ ಈ ಲೆಕ್ಕ ಕಾಗದದ ಮೇಲೆ ತಟ್ಟನೆ ಕಾಣುತ್ತದೆ.

ಕಲ್ಪನೆಯಿಂದ ನಗರ ಬಿಡಿಸುವವನು ತನಗೆ ಬೇಕಾದುದನ್ನು ಇಟ್ಟುಕೊಂಡು ಬೇಡವಾದುದನ್ನು ಬಿಡಬಹುದು. ಅಳತೆಯ ನಕ್ಷೆಗೆ ಆ ಸ್ವಾತಂತ್ರ್ಯವಿಲ್ಲ. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಟ್ಟಡವಿದೆ. ಮಿನಾರವಿಲ್ಲ, ಗುಮ್ಮಟವಿಲ್ಲ. ಕಂಬಗಳ ಸಾಲು ನೋಡಿದರೆ ಹಂಪೆಯ ಇತರ ಮಂಟಪಗಳಂತೆಯೇ ಇದೆ. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ರಾಜನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಮಸೀದಿ ಇದು. ಅಲ್ಲಿನ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಪಕ್ಕದಲ್ಲೇ ಗೋರಿಯಿದೆ. ಕಡ್ಡಿರಾಂಪುರದ ಬಳಿಯೂ ಗುಮ್ಮಟದ ಗೋರಿಗಳಿವೆ. ಪ್ರವಾಸಿ ಬಸ್ಸುಗಳು ಇಲ್ಲೆಲ್ಲ ನಿಲ್ಲುವುದು ಅಪರೂಪ. ಆದರೆ ನಗರದ ನಕ್ಷೆ ಬಿಡಿಸಿ ನೋಡಿದರೆ ದೇವಾಲಯ, ಜೈನ ಬಸದಿ, ಮಸೀದಿ, ಗೋರಿ ಎಲ್ಲವೂ ಒಂದೇ ಹಾಳೆಯ ಮೇಲೆ, ಒಂದೇ ಬಗೆಯ ಗೆರೆಯಲ್ಲಿವೆ. ಯಾರೊಡನೆ ಯಾರು ಬಾಳಿದರು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಕಲ್ಲು ಶಾಶ್ವತವೆಂದು ನಂಬುವಂತಿಲ್ಲ. ಸಂಡೂರಿನ ಸುತ್ತ ಅದಿರಿನ ಗಣಿಗಾರಿಕೆಯಿಂದ ಬೆಟ್ಟಗಳ ಆಕಾರವೇ ಬದಲಾಗಿದೆ. ಕಂಪ್ಲಿಯಲ್ಲಿ ತುಂಗಭದ್ರೆಯ ದಡದ ಹಳೆಯ ಕೋಟೆ ಮಳೆ, ಗಾಳಿ, ಪ್ರವಾಹಗಳನ್ನು ಎದುರಿಸುತ್ತಲೇ ನಿಂತಿದೆ. ಇಂದು ಅಳೆದು ಬರೆದಿಟ್ಟಿದ್ದು ನಾಳೆ ದಾಖಲೆಯಾಗುತ್ತದೆ.

ಮುಂದಿನ ರಜೆಯಲ್ಲಿ ಈ ಕಡೆಗೆ ಹೊರಟರೆ ಮೊದಲು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಹಂಪೆಯ ದೊಡ್ಡ ಮಾದರಿಯನ್ನು ಮಕ್ಕಳಿಗೆ ತೋರಿಸಿ. ಬಳಿಕ ಅವರ ಕೈಗೆ ಒಂದು ಪುಸ್ತಕ, ಒಂದು ಪೆನ್ಸಿಲು ಕೊಟ್ಟು ಅಹ್ಮದ್ ಖಾನನ ಮಸೀದಿಯ ಮುಂದೆ ಕೂರಿಸಿ. ಕಂಬಗಳನ್ನು ಎಣಿಸಲಿ, ಹೆಜ್ಜೆಯಿಂದ ಅಳೆಯಲಿ, ಕಂಡದ್ದನ್ನು ಬರೆಯಲಿ. ಬಿದ್ದುಹೋದ ಭಾಗಕ್ಕೆ ಚುಕ್ಕಿ ಹಾಕುವುದನ್ನು ಮಾತ್ರ ಮರೆಯದೆ ಹೇಳಿಕೊಡಿ.