ಮಾವನ ಪಿಎಫ್ ದುಡ್ಡು, ಅತ್ತೆಯ ಲೆಕ್ಕ

ಮಾವನಿಗೆ ಅರವತ್ತಾಗಿ, ಬೆಂಗಳೂರಿನ ಖಾಸಗಿ ನೌಕರಿ ಮುಗಿಸಿ, ಸಾಗರದ ಹತ್ತಿರದ ಮನೆಗೆ ಬಂದು ಕೂತ ಮಳೆಗಾಲ ಅದು. 2007 ಇರಬೇಕು. ಜಗಲಿಯಲ್ಲಿ ಕೂತರೆ ಅಂಗಳದ ತುಳಸಿಕಟ್ಟೆ ಕಾಣದಂಥ ಮಳೆ. ಪಿಎಫ್, ಗ್ರಾಚ್ಯುಟಿ ಸೇರಿ ಎಷ್ಟು ಬಂದಿತ್ತೋ ನನಗೆ ಗೊತ್ತಿಲ್ಲ, ಕಾಲೇಜು ಹುಡುಗನಿಗೆ ಅದನ್ನೆಲ್ಲ ಯಾರು ಹೇಳುತ್ತಾರೆ? ಊರಿಗೆ ಮಾತ್ರ ಗೊತ್ತಾಗಿತ್ತು.

ಆ ಮಳೆಯಲ್ಲೂ ಕೊಡೆ ಹಿಡಿದು ಜನ ಬಂದರು. ಒಬ್ಬರ ಬಾಯಲ್ಲಿ ಸೈಟು, ಇನ್ನೊಬ್ಬರ ಬಾಯಲ್ಲಿ ಚೀಟಿ. ಮಾವ ಎಲ್ಲರಿಗೂ "ಆಗಲಿ, ನೋಡುವ" ಅನ್ನುವ ಮನುಷ್ಯ. ಸಕ್ಕರೆ ಕಾಯಿಲೆ ಇಟ್ಟುಕೊಂಡೂ ಮೂರನೇ ಸಲ ಬಡಿಸಿದ ಪಾಯಸವನ್ನು ಬೇಡ ಅಂದವರಲ್ಲ.

ಅತ್ತೆ ಹಾಗಲ್ಲ. ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರನ್ನು ಕರೆಸಿದರು. ಅವರು ಕೊಡೆ ಮಡಚಿ, ನೀರು ಕೊಡವಿ, ಮೂಲೆಗಿಡುವಷ್ಟರಲ್ಲಿ ಅವರಿಗಿಟ್ಟ ಕಷಾಯ ಆರುತ್ತಿತ್ತು. ಬಿಸಿ ಮಾಡಿ ಮತ್ತೆ ಕೊಡಬೇಕು. ಜೊತೆಗೆ ಹಲಸಿನ ಹಪ್ಪಳ, ಆ ವರ್ಷದ್ದು ಸ್ವಲ್ಪ ಖಾರ ಜಾಸ್ತಿ.

"ಮಾಸ್ಟ್ರೇ, ಇವರಿಗೆ ಬರೋ ಪಿಂಚಣಿ ಕಾಫಿಪುಡಿಗೇ ಸಾಲದು. ಈ ದುಡ್ಡು ನಮ್ಮಿಬ್ಬರಿಗೂ ಕೊನೇತನಕ ಬರಬೇಕು. ಹ್ಯಾಗೆ ಅಂತ ನಂಗೆ ಹೇಳಿಕೊಡಿ" ಅಂದರು ಅತ್ತೆ.

ಮಾಸ್ಟ್ರು ಯಾವ ಸ್ಕೀಮಿನ ಹೆಸರೂ ಎತ್ತಲಿಲ್ಲ. ಅತ್ತೆ ಮದುವೆಯಾದಾಗಿನಿಂದ ಬರೆದಿಟ್ಟ ಮನೆಖರ್ಚಿನ ಪುಸ್ತಕಗಳನ್ನು ತರಿಸಿದರು. ಇಪ್ಪತ್ತು ವರ್ಷದ ಹಿಂದೆ ಇಡೀ ತಿಂಗಳ ಸಾಮಾನಿಗಾದ ದುಡ್ಡು ಈಗ ವಾರಕ್ಕೆ ಬಂದರೆ ಹೆಚ್ಚು. ಮಾಸ್ಟ್ರು ಪೆನ್ಸಿಲಿನಲ್ಲಿ 72 ಎಂದು ಬರೆದರು. "ಇದನ್ನ ದರದಿಂದ ಭಾಗಿಸಮ್ಮ. ಬೆಲೆ ವರ್ಷಕ್ಕೆ ನೂರಕ್ಕೆ 6ರಂತೆ ಏರಿದ್ರೆ 12 ವರ್ಷಕ್ಕೆ ನಿನ್ನ ಖರ್ಚು ಇಮ್ಮಡಿ. ದುಡ್ಡಿಗೂ ಅದೇ ಲೆಕ್ಕ, ನೂರಕ್ಕೆ 9 ಬಡ್ಡಿಯಾದ್ರೆ 8 ವರ್ಷಕ್ಕೆ ಇಮ್ಮಡಿ. ಆದ್ರೆ ಬಡ್ಡಿ ಮುಟ್ಟದೇ ಇದ್ರೆ ಮಾತ್ರ. ನೀವು ಬಡ್ಡಿ ಉಣ್ಣೋರು. ಅಸಲು ಇದ್ದಷ್ಟೇ ಇರ್ತದೆ, ಅಕ್ಕಿ ಬೆಲೆ ನಿಲ್ಲೋದಿಲ್ಲ."

ಅತ್ತೆ ಆ ರಾತ್ರಿ ದೋಸೆ ಹೊಯ್ಯುತ್ತಲೂ ಭಾಗಾಕಾರ ಮಾಡುತ್ತಿದ್ದರು. ಎರಡು ದೋಸೆ ಸೀದವು. ಮಾವ ಅದನ್ನೂ ತಿಂದರು.

ಕೊನೆಗೆ ದುಡ್ಡು ಮೂರು ಪಾಲಾಯಿತು. ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ. ದೊಡ್ಡ ಪಾಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಐದು ವರ್ಷದ ಠೇವಣಿ, ಆಗ ನೂರಕ್ಕೆ 9 ಬಡ್ಡಿ, ಮೂರು ತಿಂಗಳಿಗೊಮ್ಮೆ ಕೈಗೆ. ಒಬ್ಬರಿಗೆ ಆಗ ಇದ್ದ ಮಿತಿ 15 ಲಕ್ಷ. 2023ರಲ್ಲಿ ಅದು 30 ಲಕ್ಷವಾಯಿತು. ನಡುವೆ ತೆಗೆದರೆ ಎಷ್ಟು ಹಿಡೀತಾರೆ ಅಂತ ಅತ್ತೆ ಮೊದಲೇ ಕೇಳಿ ಬರೆದುಕೊಂಡಿದ್ದರು: ವರ್ಷ ದಾಟಿದ್ದರೆ ನೂರಕ್ಕೆ ಒಂದೂವರೆ, ಎರಡು ವರ್ಷ ದಾಟಿದ್ದರೆ ಒಂದು. ಉಳಿದ ಸಣ್ಣ ಪಾಲು ಇಂಡೆಕ್ಸ್ ಫಂಡಿಗೆ. ಅಂದರೆ ನಿಫ್ಟಿಯ 50 ಕಂಪನಿಗಳ ಷೇರನ್ನೂ ಒಟ್ಟಿಗೆ ಕೊಳ್ಳುವ ಮ್ಯೂಚುವಲ್ ಫಂಡು. ಅದನ್ನು ಹೇಳಿಕೊಟ್ಟದ್ದು ಶಿವಮೊಗ್ಗದ ಬ್ಯಾಂಕಿನಲ್ಲಿದ್ದ ನಮ್ಮಣ್ಣನೋ, ಅತ್ತೆಯೇ ಪೇಪರಿನಲ್ಲಿ ಓದಿದ್ದೋ, ಈಗ ಮಸುಕು. ಮಾಸ್ಟ್ರಂತೂ ಅಲ್ಲ. ಷೇರು ಅಂದರೆ ಅವರಿಗೆ ಕೆಮ್ಮು ಬರುತ್ತಿತ್ತು.

ಈ ನಡುವೆ ದೂರದ ನೆಂಟರ ಹುಡುಗನೊಬ್ಬ ಟೈ ಕಟ್ಟಿಕೊಂಡು, ಪ್ಯಾಂಟು ಮೊಣಕಾಲಿಗೆ ಮಡಚಿ ಬಂದ. ಯುಲಿಪ್ ಅಂತೆ, ವಿಮೆಯೂ ಹೌದು, ಷೇರೂ ಹೌದು, ಮೂರೇ ವರ್ಷ ಕಟ್ಟಿದರೆ ಸಾಕಂತೆ. ಮಾವ ಆಗಲೇ "ಆಗಲಿ" ಅನ್ನುವವರಿದ್ದರು.

"ತಮ್ಮಾ, ನಾನು ಲಕ್ಷ ಕೊಟ್ರೆ ಮೊದಲ ವರ್ಷ ಅದರಲ್ಲಿ ಎಷ್ಟು ಬೆಳೆಯೋಕೆ ಹೋಗ್ತದೆ, ಎಷ್ಟು ನೀವು ಹಿಡ್ಕೋತೀರಿ?"

"ಸ್ವಲ್ಪ ಖರ್ಚು ಇರ್ತದೆ ದೊಡ್ಡಮ್ಮ."

"ಸ್ವಲ್ಪ ಅಂದ್ರೆ?"

ಹುಡುಗ ಒಳ್ಳೆಯವನೇ, ಸುಳ್ಳು ಹೇಳಲಿಲ್ಲ. "ಇಪ್ಪತ್ತು ಸಾವಿರದ ಮೇಲೆ" ಅಂದು ಹಪ್ಪಳಕ್ಕೆ ಕೈ ಹಾಕಿದ. ಊಟ ಮಾಡಿಸಿಯೇ ಕಳಿಸಿದರು, ಸಹಿ ಮಾತ್ರ ಆಗಲಿಲ್ಲ. ಆ ಖರ್ಚುಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ಮಿತಿ ಹಾಕಿದ್ದು ಆಮೇಲೆ.

ಮರುವರ್ಷ ಷೇರುಪೇಟೆ ಬಿತ್ತು. ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 8 ಸಾವಿರದ ಕೆಳಗಿಳಿಯಿತು. ಮಾವ ಟೀವಿ ಮುಂದಿಂದ ಏಳಲೇ ಇಲ್ಲ. "ಎಲ್ಲ ತೆಗೆದುಬಿಡುವನಾ?" ಅಂದರೆ ಅತ್ತೆ, "ಅದು ನಿಮಗೆ ಎಪ್ಪತ್ತಾದ ಮೇಲೆ ಬೇಕಾದ ದುಡ್ಡು. ಈ ತಿಂಗಳ ಅಕ್ಕಿಗೆ ಅಂಚೆ ಬಡ್ಡಿ ಬಂದಿದೆಯಲ್ಲ?" ಅಂದು ಸೀರಿಯಲ್ ಹಚ್ಚಿದರು.

ಈಗಲೂ ಊರಲ್ಲಿ ಯಾರಾದರೂ ರಿಟೈರಾದರೆ ಎಲ್ಲಿ ಹಾಕಲಿ ಎಂದು ಅತ್ತೆಯನ್ನೇ ಕೇಳುತ್ತಾರೆ. ಅತ್ತೆ ತಿರುಗಿ ಕೇಳುವುದು ಒಂದೇ: "ಯಾವಾಗ ಬೇಕು?" ಅದಕ್ಕೆ ಉತ್ತರ ಇಲ್ಲದವರನ್ನು ಮನೆಖರ್ಚು ಬರೆದು ತನ್ನಿ ಎಂದು ವಾಪಸು ಕಳಿಸುತ್ತಾರೆ.