ಉಜಿಯ ಬೀಸುಕಲ್ಲು

ಕ್ಯೋಟೊದಿಂದ ನಾರಾ ಕಡೆ ಹೋಗುವ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಉಜಿ. ಬೀದಿಗೆ ಕಾಲಿಡುತ್ತಲೇ ಚಹಾ ಎಲೆ ಹುರಿಯುವ ಘಮ ಮೂಗಿಗೆ ಅಡರುತ್ತದೆ. ನದಿಯ ಸೇತುವೆ ಪಕ್ಕದಲ್ಲೇ ತ್ಸುಯೆನ್ ಎಂಬ ಚಹಾದಂಗಡಿ. 1160ರಲ್ಲಿ ಶುರುವಾದದ್ದಂತೆ, ಅದೇ ಮನೆತನದವರು ಇವತ್ತಿಗೂ ನಡೆಸುತ್ತಿದ್ದಾರೆ. ಕಲ್ಯಾಣದಲ್ಲಿ ಬಸವಣ್ಣನವರು ಇದ್ದ ಕಾಲವಲ್ಲವೇ ಅದು! ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ.

ಒಸಾಕಾದಲ್ಲಿ ಓದುತ್ತಿರುವ ತಮ್ಮನ ಮಗಳು ನನ್ನನ್ನು ಕರೆದೊಯ್ದದ್ದು ನದಿ ದಂಡೆಯ ಒಂದು ಕಾರ್ಯಾಗಾರಕ್ಕೆ. ಹಸಿರು ಚಹಾಪುಡಿಯ ಪೇಯವಾದ ಮಚ್ಚಾ ಮಾಡುವುದನ್ನು ಅಲ್ಲಿ ಕೈಹಿಡಿದು ಕಲಿಸುತ್ತಾರೆ. ಬಟ್ಟಲು, ಬಿಸಿನೀರು ಇರುತ್ತವೆ ಎಂದುಕೊಂಡು ಹೋದರೆ, ನನ್ನ ಮುಂದೆ ತಂದಿಟ್ಟದ್ದು ಬೀಸುಕಲ್ಲು!

ನಮ್ಮೂರು ಸುಲೇಪೇಟದ ಮನೆಯಲ್ಲಿ, ಶಹಾಬಾದ ಪರ್ಸಿ ಹಾಸಿದ ಪಡಸಾಲೆಯಲ್ಲಿ, ಕೋಳಿ ಕೂಗುವ ಮೊದಲೇ ಅವ್ವನ ಎದುರು ಕೂತು ಜೋಳ ಬೀಸಿದವಳು ನಾನು. ತೊಗರಿಯನ್ನೂ ಒಡೆದಿದ್ದೇನೆ. ಗೂಟ ಹಿಡಿದ ಕೂಡಲೇ ತೋಳಿಗೆ ಹಳೆಯ ರಭಸ ಬಂತು. ಕಲಿಸುವ ಹಿರಿಯಾಕೆ ನಗುತ್ತ ನನ್ನ ಕೈಮೇಲೆ ಕೈಯಿಟ್ಟರು.

"ಅತ್ತಿ, ಸಾವಕಾಶ ತಿರುವು ಅನ್ಲಕತ್ತಾರ. ಜೋರು ತಿರುವಿದ್ರ ಕಲ್ಲು ಕಾಯ್ತದ, ಘಮ ಹೋಗ್ತದಂತ."

ಗೂಟವನ್ನು ಎಡಕ್ಕೆ, ಒಂದೇ ಹದದಲ್ಲಿ ತಿರುಗಿಸಬೇಕು. ಮೇಲಿನ ಕುಳಿಗೆ ಹಾಕುವ ಎಲೆಗೆ ತೆಂಚಾ ಎಂದು ಹೆಸರು. ಕೊಯ್ಲಿಗೆ ಮೂರು ವಾರ ಮೊದಲೇ ಗಿಡಕ್ಕೆ ಚಪ್ಪರದ ನೆರಳು ಕಟ್ಟುತ್ತಾರೆ. ಬಿಸಿಲು ಸಿಗದ ಎಲೆಯಲ್ಲಿ ಹಸಿರು ಗಾಢವಾಗುತ್ತದೆ, ಕಹಿ ತಗ್ಗಿ ಸವಿ ಉಳಿಯುತ್ತದೆ. ಆಮೇಲೆ ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ದೇಟು ತೆಗೆದು ಕಲ್ಲಿಗೆ ಹಾಕುವುದು. ಒಂದು ಗಂಟೆ ಬೀಸಿದರೆ ಸಿಗುವುದು 40 ಗ್ರಾಂ ಒಳಗೆಯೇ. ಮಧ್ಯಾಹ್ನದ ರೊಟ್ಟಿಗೆ ಸೇರುಗಟ್ಟಲೆ ಬೀಸಿದ ನನಗೆ ಈ ಲೆಕ್ಕ ನಂಬಲಾಗಲಿಲ್ಲ. ಆದರೆ ಕಲ್ಲಿನ ಅಂಚಿನಿಂದ ಉದುರಿದ ಹಸಿರು ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಕಾಳೇ ಸಿಗಲಿಲ್ಲ, ಚರ್ಮದ ಗೆರೆಯೊಳಗೆ ಇಳಿದುಹೋಯಿತು. ಕಲ್ಲಿನ ಹೊಟ್ಟೆಯೊಳಗಿನ ಗೆರೆ ಸವೆದರೆ ಈ ನುಣುಪು ಬರದು. ಮತ್ತೆ ಕೆತ್ತಿಸಬೇಕು, ಅದಕ್ಕೆಂದೇ ಪಳಗಿದ ಕೈಗಳಿವೆ.

ಎಲೆಯನ್ನು ಪುಡಿಮಾಡಿ ಬಿಸಿನೀರಲ್ಲಿ ಕಲಕಿ ಕುಡಿಯುವುದು ಮೂಲತಃ ಚೀನಾದ ರೂಢಿ. ಐಸಾಯ್ ಎಂಬ ಝೆನ್ ಭಿಕ್ಷು 1191ರಲ್ಲಿ ಅಲ್ಲಿಂದ ಮರಳಿದ ಮೇಲೆ ಅದು ಜಪಾನಿನಲ್ಲಿ ಬೇರುಬಿಟ್ಟಿತು. ಹದಿನಾರನೆಯ ಶತಮಾನದಲ್ಲಿ ಚಹಾಗುರು ಸೆನ್ ನೊ ರಿಕ್ಯು ಅದಕ್ಕೆ ಸರಳತೆಯ ಶಿಸ್ತು ಕೊಟ್ಟರು. ಚೀನಾದಲ್ಲಿ ಆ ರೂಢಿ ಅಳಿಯಿತು, ಇಲ್ಲಿ ಉಳಿಯಿತು. ಇಷ್ಟು ನಿಧಾನದ ಕಲ್ಲನ್ನು ಶತಮಾನಗಟ್ಟಲೆ ಬಿಡದೆ ತಿರುಗಿಸಿದ ಜನರ ಬಗ್ಗೆ ನನಗೆ ಮಾತೇ ಹೊರಡದಷ್ಟು ಗೌರವ.

ಕಲಕುವ ಪಾಠ ಬೇಗ ಮುಗಿಯಿತು, ಕೈಗೆ ಕೂಡಲು ಮಾತ್ರ ಹೊತ್ತು ಬೇಕು. ಬಟ್ಟಲನ್ನು ಬಿಸಿನೀರಿಂದ ಕಾಯಿಸಿ ಒರೆಸಬೇಕು. ಸುಮಾರು 2 ಗ್ರಾಂ ಪುಡಿ, 80 ಡಿಗ್ರಿಗೆ ಆರಿಸಿದ 70 ಮಿಲಿಲೀಟರ್ ನೀರು. ಆಮೇಲೆ ಚಾಸೆನ್. ಒಂದೇ ಬಿದಿರ ತುಂಡನ್ನು ಹತ್ತಾರು ಎಳೆಗಳಾಗಿ ಸೀಳಿ ಮಾಡಿದ ಸಾಧನ ಅದು, ನಾರಾ ಸೀಮೆಯ ತಕಾಯಾಮಾ ಊರಿನವರ ಕುಲಕಸುಬು. ಸುತ್ತು ತಿರುಗಿಸಬಾರದು, ಮಣಿಕಟ್ಟು ಹಗುರ ಮಾಡಿ ಹಿಂದೆ ಮುಂದೆ ಆಡಿಸಬೇಕು. ನೊರೆ ಎದ್ದಿತು. ಮೊದಲು ಸಿಹಿ ತಿಂದು, ಬಟ್ಟಲಿನ ಚೆಂದದ ಮಗ್ಗುಲು ನಮ್ಮ ತುಟಿಗೆ ಬಾರದಂತೆ ತಿರುಗಿಸಿಕೊಂಡು ಕುಡಿದೆವು. ಹಾಲಿಲ್ಲ, ಸಕ್ಕರೆಯಿಲ್ಲ. ಮಳೆ ಬಿದ್ದ ಹೊಲದ ಬದುವಿನ ಹುಲ್ಲನ್ನೇ ಕುಡಿದಂತೆ ಹಸಿ ಹಸಿ ರುಚಿ, ಹಿಂದೆಯೇ ನಾಲಗೆಯ ಬುಡದಲ್ಲಿ ಸಿಹಿ.

ಊರಿಗೆ ಬಂದು ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದು ಮಚ್ಚಾ ಮಾಡಿದೆ. ಪಕ್ಕದ ಮನೆಯ ಅಜ್ಜಿ ಕುಡಿಯುವ ಮೊದಲು ಡಬ್ಬಿಯೊಳಗೆ ಬೆರಳಾಡಿಸಿ, ಪುಡಿಯನ್ನು ತಿಕ್ಕಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಎಂಥಾ ಸಣ್ಣ ಬೀಸ್ಯಾರವಾ! ಯಾರು ಬೀಸ್ಯಾರ ಇದನ್ನ?"

"ಚೂರು ನಾನೂ ಬೀಸೀನಿ ಆಯಿ," ಎಂದೆ.