ಶ್ರೀರಂಗಪಟ್ಟಣದ ದುಡ್ಡು, ಕೆಂಟ್‌ನ ಗಡಿಯಾರ

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಹೊರಟ ರೈಲು ಕೆಂಟ್ ಸೀಮೆಯ ಫ್ಯಾವರ್‌ಶಮ್‌ನಲ್ಲಿ ಇಳಿಸಿದಾಗ ಜಿಟಿಜಿಟಿ ಮಳೆ. ಕಂಬಗಳ ಮೇಲೆ ನಿಂತ ಹಳೆಯ ಪುರಭವನವಾದ ಗಿಲ್ಡ್‌ಹಾಲ್‌ನ ಅಡಿಯಲ್ಲಿ ಮಳೆ ತಪ್ಪಿಸಿಕೊಂಡು ಟ್ಯಾಕ್ಸಿಗೆ ಕಾಯುತ್ತೇನೆ. ನಾನು ನೋಡಹೊರಟ ಬೆಲ್ಮಾಂಟ್ ಹೌಸ್ ಎಂಬ ಹಳೆಯ ಮನೆ ಇಲ್ಲಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ಬಾಡಿಗೆಯನ್ನು ರೂಪಾಯಿಗೆ ತಿರುಗಿಸಿ ನೋಡಬಾರದಿತ್ತು: ಅಷ್ಟರಲ್ಲಿ ಬಸ್ಸಿನಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರಬಹುದು!

ದಾರಿಯುದ್ದಕ್ಕೂ ಸೇಬಿನ ತೋಟಗಳು. ರಸ್ತೆ ಎಷ್ಟು ಕಿರಿದೆಂದರೆ, ಎದುರಿಗೆ ಟ್ರ್ಯಾಕ್ಟರ್ ಬಂದದ್ದೇ ನಮ್ಮ ಚಾಲಕ ಹಾರ್ನ್ ಹೊಡೆಯದೆ, ಬೈಯದೆ, ಬೇಲಿಯ ಪಕ್ಕದಲ್ಲೇ ಹಿಂದಕ್ಕೆ ಹಿಂದಕ್ಕೆ ಓಡಿಸಿದ.

ಕೊನೆಗೂ ತಿಳಿಹಳದಿ ಬಣ್ಣದ ಮನೆ ಕಾಣುತ್ತದೆ. ಇಟ್ಟಿಗೆಯ ಗೋಡೆ ಎಂದುಕೊಂಡರೆ, ಅಲ್ಲವಂತೆ. ಇಟ್ಟಿಗೆಯ ಹಾಗೆ ತೋರುವ ಹೆಂಚನ್ನು ಮೇಲೆ ಹೊದಿಸಿದ್ದಾರೆ. 1801ರಲ್ಲಿ ಇದನ್ನು ಕೊಂಡವನು ಜನರಲ್ ಜಾರ್ಜ್ ಹ್ಯಾರಿಸ್. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಇಂಗ್ಲಿಷ್ ಸೇನೆಯ ಮುಖ್ಯಸ್ಥ ಇವನೇ. ಕೊಳ್ಳೆಯಲ್ಲಿ ಬಂದ ಪಾಲಿನಿಂದ ಈ ಮನೆ. 1815ರಲ್ಲಿ ಸಿಕ್ಕ ಬಿರುದಿನಲ್ಲಿ ಶ್ರೀರಂಗಪಟ್ಟಣ, ಮೈಸೂರು ಎರಡೂ ಇವೆ. ಹಾಗಿದ್ದ ಮೇಲೆ ನನ್ನಿಂದ ಟಿಕೆಟ್ಟಿನ ದುಡ್ಡು ಯಾಕೆ ಎಂದು ಕೇಳುವ ಆಸೆಯಾಯಿತು. ಕೇಳದೆ ಕೊಟ್ಟೆ.

ಒಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಗಡಿಯಾರ. ಈ ವಂಶದ ಐದನೆಯ ಲಾರ್ಡ್ ಹ್ಯಾರಿಸ್ ಕೂಡಿಟ್ಟವು 300ಕ್ಕೂ ಹೆಚ್ಚು. ನನ್ನ ಕಣ್ಣು ಮಾತ್ರ ಆಳೆತ್ತರಕ್ಕಿಂತ ಎತ್ತರದ, ಸಣ್ಣ ನಡುವಿನ ಮರದ ಪೆಟ್ಟಿಗೆಯ ಗಡಿಯಾರಗಳ ಮೇಲೇ. ಮನೆ ತೋರಿಸುತ್ತಿದ್ದ ಬಿಳಿಗೂದಲಿನ ಹಿರಿಯರು ಒಂದರ ಬಾಗಿಲು ತೆರೆಯುತ್ತಾರೆ. ಒಳಗೆ ಎರಡು ಭಾರದ ಗುಂಡುಗಳು, ನಡುವೆ ಹಿತ್ತಾಳೆ ಬಿಲ್ಲೆಯ ಲೋಲಕ. ಲೋಲಕದ ಗಡಿಯಾರ 1656ರಲ್ಲಿ ಹಾಲೆಂಡಿನ ಹೈಗೆನ್ಸ್‌ನ ಬುದ್ಧಿಯಿಂದ ಬಂತು. ಮೊದಮೊದಲ ಲೋಲಕಗಳು ಗಿಡ್ಡ, ಅಗಲಕ್ಕೆ ಬೀಸುವಂಥವು. 1670ರ ಸುಮಾರಿಗೆ ಲಂಗರಿನ ಆಕಾರದ ಕೊಕ್ಕೆಯೊಂದು ಬಂದಮೇಲೆ ಸುಮಾರು 99 ಸೆಂಟಿಮೀಟರಿನ ಉದ್ದ ಲೋಲಕ ಸ್ವಲ್ಪವೇ ಓಲಾಡಿ ಸೆಕೆಂಡಿಗೊಂದು ಬೀಸು ಹಾಕತೊಡಗಿತು. ಹಾಗಾಗಿ ಪೆಟ್ಟಿಗೆ ಉದ್ದವಾಯಿತು, ನಡು ಸಣ್ಣದಾಯಿತು.

ಗುಂಡುಗಳು ಬಾವಿಗೆ ಬಿಟ್ಟ ಕೊಡದ ಹಾಗೆ ದಿನಾ ಇಳಿಯುತ್ತವೆ. ವಾರಕ್ಕೊಮ್ಮೆ ಕೀಲಿ ತಿರುಗಿಸಿ ಮೇಲೆತ್ತಬೇಕು. ಇಷ್ಟೆಲ್ಲ ಗಾಂಭೀರ್ಯದ ಈ ಯಂತ್ರಕ್ಕೂ ಒಂದು ಕಾಯಿಲೆಯುಂಟು. ಇಳಿಯುತ್ತ ಇಳಿಯುತ್ತ ಗುಂಡಿನ ಹಗ್ಗ ಲೋಲಕದಷ್ಟೇ ಉದ್ದವಾದಾಗ, ಪೆಟ್ಟಿಗೆ ಕೊಂಚ ಅಲುಗಿದರೂ ಸಾಕು, ಗುಂಡೂ ಜೊತೆಗೆ ತೂಗತೊಡಗಿ ಲೋಲಕದ ಬಲ ಕದ್ದು ಗಡಿಯಾರವನ್ನೇ ನಿಲ್ಲಿಸಿಬಿಡುತ್ತದೆ. ಮದ್ದೇನು? ಪೆಟ್ಟಿಗೆಯನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯುವುದು.

ಹಿರಿಯರ ಮಾತು ಮುಗಿಯುವಷ್ಟರಲ್ಲಿ ಮೂರು ಗಂಟೆ. ಪಕ್ಕದ ಕೋಣೆಯದು ಮೊದಲು, ಇದು ಆಮೇಲೆ, ಮತ್ತೆಲ್ಲೋ ಇನ್ನೊಂದು ತಡವಾಗಿ. “ಒಂದೇ ಸಲ ಹೊಡೆದರೆ ನಾವೇ ಗಾಬರಿಯಾಗುತ್ತೇವೆ” ಎಂದು ಅವರು ನಗುತ್ತಾರೆ.

ಹಿಂದಿರುಗುವ ಟ್ಯಾಕ್ಸಿ ತಡವಾಗಿದೆ. ಬಾಗಿಲ ಬಳಿ ನಿಂತು, ಇಂಥದ್ದೊಂದನ್ನು ಮೈಸೂರಿನ ನಮ್ಮ ಮನೆಯಲ್ಲಿಟ್ಟರೆ ಹೇಗೆ ಎಂದು ಲೆಕ್ಕ ಹಾಕುತ್ತೇನೆ. ಚಾವಣಿಗೆ ತಾಗುವುದಿಲ್ಲ. ಕೀಲಿ ಕೊಡಲು ಭಾನುವಾರ ಇದೆ. ಆದರೆ ಗಂಟೆಗೆ ತಕ್ಕಷ್ಟು ಹೊಡೆದರೆ ದಿನಕ್ಕೆ 156 ಏಟು. ರಾತ್ರಿ ಹನ್ನೆರಡರ ಹನ್ನೆರಡು ಏಟನ್ನು ಮೇಲಿನ ಮನೆಯವರು ಎಷ್ಟು ದಿನ ಸಹಿಸಿಯಾರು?